ಬೆಟ್ಟದ ಮೇಲೆ ಮನೆ, ನಮ್ಮ ಓಣಿಯಲ್ಲಿ ದಾರಿ: ಪುಣೆಯ ಕನ್ನಡಿಗರಿಗೊಂದು ಕೈಪಿಡಿ

ನಮ್ಮ ಸೊಸೈಟಿ ಇರುವುದು ಕಾತ್ರಜ್ ಕಡೆಯ ಒಂದು ಗುಡ್ಡದ ಬುಡದಲ್ಲಿ. ಓಣಿ ಹೋಗಿ ಹೋಗಿ ಗುಡ್ಡಕ್ಕೆ ತಾಗಿ ನಿಲ್ಲುತ್ತಿತ್ತು. ಅಲ್ಲೊಂದು ತಂತಿಬೇಲಿ, ಆಚೆ ಹುಲ್ಲು, ಮೇಲೆ ಎಮ್ಮೆ ಮೇಯಿಸುವವರು. ಒಂದು ಬೆಳಿಗ್ಗೆ ನೋಡಿದರೆ ಬೇಲಿ ಇಲ್ಲ, ಜೆಸಿಬಿ ಮೇಲೆ ಹತ್ತುತ್ತಿದೆ. ಕೇಳಿದ್ದಕ್ಕೆ ಮುಕಾದಮ, ಅಂದರೆ ಕೆಲಸಗಾರರ ಮೇಲ್ವಿಚಾರಕ, ಹೇಳಿದ: "ಮೇಲಿನ ಜಾಗ ಕಾರ್ಪೊರೇಷನ್ನಿಗೆ ಸೇರಿದೆ. ಸ್ಕೀಮ್ ಬರ್ತದೆ. ದಾರಿ ಇದೇ."

ಸ್ಕೀಮ್ ಅಂದರೆ ಬಿಲ್ಡರ್ ಕಟ್ಟುವ ಮನೆಗಳ ಯೋಜನೆ. ಅದಕ್ಕೆ ದಾರಿ ನಮ್ಮ ಓಣಿ. ಆ "ದಾರಿ ಇದೇ" ಅನ್ನುವ ಎರಡು ಪದದ ಹಿಂದೆ ನಾವು ಒಂದೂವರೆ ವರ್ಷ ಓಡಾಡಿದೆವು. ಮೊದಲ ಆರು ತಿಂಗಳು ಸುಮ್ನೆ ಹಾಳು. ಯಾರ ಹತ್ತಿರ ಹೋಗಬೇಕು, ಯಾವ ಕಾಗದ ಕೇಳಬೇಕು ಗೊತ್ತಿರಲಿಲ್ಲ. ಕಾಗದವೆಲ್ಲ ಮರಾಠಿಯಲ್ಲಿ. ನಮ್ಮಲ್ಲಿ ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಸುಮಾರು ಮನೆಗಳಿವೆ. ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಸರ್ಕಾರಿ ಮರಾಠಿ ಕಾಗದ ಕಂಡರೆ ಮಾತ್ರ ಹಿಂದೆ ಸರಿಯುತ್ತಾರೆ. ನಾನೂ ಹಾಗೇ ಇದ್ದೆ. ನಿಮ್ಮ ಓಣಿಯ ತುದಿಯಲ್ಲೂ ಬೇಲಿ ಬಿದ್ದಿದ್ದರೆ ಮುಂದಿನದನ್ನು ಇದೇ ಕ್ರಮದಲ್ಲಿ ಮಾಡಿ.

1. ಪಾಲಿಕೆಯ ಗಡಿ ಯಾವಾಗ ಸರಿಯಿತು, ಜಾಗ ಈಗ ಯಾರ ಕೈಯಲ್ಲಿದೆ

ಪುಣೆ ಮಹಾನಗರ ಪಾಲಿಕೆಗೆ ಹಳ್ಳಿಗಳು ಕಂತು ಕಂತಾಗಿ ಸೇರಿವೆ. 1997ರಲ್ಲಿ ಸೇರಿ ಉಳಿದವು 23 ಹಳ್ಳಿಗಳು. 2017ರ ಅಕ್ಟೋಬರ್‌ನಲ್ಲಿ 11. ಆಂಬೇಗಾಂವ್ ಬುದ್ರುಕ್, ಆಂಬೇಗಾಂವ್ ಖುರ್ದ್, ಧಾಯರಿ, ಉಂಡ್ರಿ ಇವೆಲ್ಲ ಆಗ ಬಂದವು. 2021ರ ಜೂನ್ 30ಕ್ಕೆ ಮತ್ತೆ 23: ಸೂಸ್, ಬಾವಧನ್ ಬುದ್ರುಕ್, ನರ್ಹೆ, ಮಾಂಗಡೇವಾಡಿ, ಭಿಲಾರೇವಾಡಿ, ಗುಜರ್ ನಿಂಬಾಳ್ಕರವಾಡಿ, ಜಾಂಭುಳವಾಡಿ-ಕೋಳೇವಾಡಿ ಮುಂತಾದವು. ಎರಡು ಸಲ "23 ಹಳ್ಳಿ" ಅಂತ ಬರುವುದರಿಂದ ಕಚೇರಿಯಲ್ಲೂ ಗೊಂದಲ ಆಗುತ್ತದೆ. ಕೇಳುವಾಗ ವರ್ಷ ಸೇರಿಸಿ ಕೇಳಿ.

2021ರ ನಂತರ ಪಾಲಿಕೆಯ ವಿಸ್ತೀರ್ಣ ಸುಮಾರು 516 ಚದರ ಕಿಲೋಮೀಟರ್ ಆಯಿತು, ಮುಂಬೈ ಪಾಲಿಕೆಗಿಂತ ಜಾಸ್ತಿ. ಕೊನೆಗೆ ಸೇರಿದವುಗಳಲ್ಲಿ ಎಷ್ಟೋ ಗುಡ್ಡದ ಬುಡದ ಊರುಗಳು. ಬಯಲು ಮೊದಲೇ ತುಂಬಿತ್ತು, ಈಗ ಉಳಿದಿರುವುದು ಏರು.

ಹಳ್ಳಿ ಪಾಲಿಕೆಗೆ ಸೇರಿತು ಅಂದರೆ ಎಲ್ಲ ಪರವಾನಗಿಯೂ ಪಾಲಿಕೆಯದೇ ಅಂದುಕೊಳ್ಳಬೇಡಿ. 2021ರಲ್ಲಿ ಸೇರಿದ ಹಳ್ಳಿಗಳಿಗೆ ಅದೇ ವರ್ಷ ಸರ್ಕಾರ ಪಿಎಂಆರ್‌ಡಿಎಯನ್ನು, ಅಂದರೆ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು, ಯೋಜನಾ ಪ್ರಾಧಿಕಾರ ಮಾಡಿತ್ತು. ಆಗ ಕಸ, ನೀರು, ತೆರಿಗೆ ಒಬ್ಬರದು, ನಕ್ಷೆ ಇನ್ನೊಬ್ಬರದು ಆಗಿತ್ತು. ನಾವು ಮೊದಲ ಮೂರು ಅರ್ಜಿ ತಪ್ಪು ಕಚೇರಿಗೆ ಕೊಟ್ಟಿದ್ದು ಇದರಿಂದಲೇ. ಆದ್ದರಿಂದ ಮೊದಲ ದಿನ ಒಂದೇ ಪ್ರಶ್ನೆ ಕೇಳಿ: "ಈ ಗಟ್ ನಂಬರಿಗೆ ಇವತ್ತು ಕಟ್ಟಡ ಪರವಾನಗಿ ಕೊಡುವವರು ಯಾರು?" ಗಟ್ ನಂಬರ್ ಅಂದರೆ ಇಲ್ಲಿನ ಸರ್ವೆ ನಂಬರ್. ಬಾಯಿಮಾತಿನ ಉತ್ತರ ಸಾಲದು, ಬರೆಸಿಕೊಳ್ಳಿ.

2. ಗಟ್ ನಂಬರ್ ಹಿಡಿಯಿರಿ

ನಮ್ಮ ಕಡೆ ಸರ್ವೆ ನಂಬರ್ ಅನ್ನುವುದನ್ನು ಇಲ್ಲಿ ಹಲವು ಹಳ್ಳಿಗಳಲ್ಲಿ ಗಟ್ ನಂಬರ್ ಅನ್ನುತ್ತಾರೆ. ನಮ್ಮ ಪಹಣಿ ಇಲ್ಲಿ ಸಾತಬಾರಾ, ಅಂದರೆ 7/12. ಹಕ್ಕು ಬದಲಾವಣೆ ಅಂದರೆ ಫೇರ್‌ಫಾರ್. ಮೋಜಣಿ (ಜಮೀನಿನ ಅಳತೆ), ತಲಾಠಿ (ಗ್ರಾಮ ಲೆಕ್ಕಿಗ) ಅನ್ನುವ ಮಾತು ಉತ್ತರ ಕರ್ನಾಟಕದವರಿಗೆ ಹೊಸದಲ್ಲ.

ಮಹಾಭೂಲೇಖ ಜಾಲತಾಣದಲ್ಲಿ ಸಾತಬಾರಾ ನೋಡಬಹುದು, ಮಹಾಭೂನಕ್ಷಾದಲ್ಲಿ ಗಟ್ಟುಗಳ ನಕ್ಷೆ. ಮೂರು ಗಟ್ಟಿನ ಸಾತಬಾರಾ ತೆಗೆಯಿರಿ: ಮೇಲಿನ ಸ್ಕೀಮಿನ ಜಾಗ, ನಿಮ್ಮ ಸೊಸೈಟಿ ಕಟ್ಟಿದ ಜಾಗ, ಮತ್ತು ಓಣಿ ಯಾವ ಗಟ್ಟಿನಲ್ಲಿ ಬರುತ್ತದೋ ಆ ಜಾಗ. ಮೂರನೆಯದನ್ನು ಯಾರೂ ತೆಗೆಯುವುದಿಲ್ಲ. ಜಗಳದ ಬೇರು ಅಲ್ಲೇ ಇರುತ್ತದೆ. ಸಾತಬಾರಾದಲ್ಲಿ "ಇತರ ಅಧಿಕಾರ" ಅನ್ನುವ ಕಾಲಂ ಇದೆ. ಯಾರಿಗಾದರೂ ಹಾದು ಹೋಗುವ ಹಕ್ಕು ದಾಖಲಾಗಿದ್ದರೆ ಸಾಮಾನ್ಯವಾಗಿ ಅಲ್ಲಿ ಕಾಣುತ್ತದೆ.

ಮೇಲಿನ ಸ್ಕೀಮ್ ಮಹಾರೇರಾದಲ್ಲಿ, ಅಂದರೆ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ 8ಕ್ಕಿಂತ ಜಾಸ್ತಿ ಫ್ಲ್ಯಾಟ್ ಇದ್ದರೆ ನೋಂದಣಿ ಆಗಲೇಬೇಕು. ಮಂಜೂರಾದ ನಕ್ಷೆ, ಪರವಾನಗಿ ಪತ್ರ, ವಕೀಲರ ಟೈಟಲ್ ವರದಿ ಅಲ್ಲೇ ಸಿಗುತ್ತವೆ.

3. ಗುಡ್ಡದ ಆ ಭಾಗದಲ್ಲಿ ಕಟ್ಟಲು ಬರುತ್ತದೆಯೇ

ಇದನ್ನು ರಸ್ತೆಗಿಂತ ಮೊದಲು ನೋಡಬೇಕು. ಕಟ್ಟಲೇ ಬಾರದ ಜಾಗವಾದರೆ ರಸ್ತೆಯ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ?

ಪುಣೆಯಲ್ಲಿ ಎರಡು ಮಾತು ಕಿವಿಗೆ ಬೀಳುತ್ತವೆ. ಒಂದು ಬಿಡಿಪಿ, ಅಂದರೆ ಜೀವವೈವಿಧ್ಯ ಉದ್ಯಾನ. 1997ರ ಹಳ್ಳಿಗಳ ಗುಡ್ಡಗಳಲ್ಲಿ ಸುಮಾರು 978 ಹೆಕ್ಟೇರ್ ಇದಕ್ಕೆ ಮೀಸಲಾಗಿದೆ. ಜಾಗದ ಒಡೆಯರಿಗೆ ಪರಿಹಾರವಾಗಿ ಶೇ 8ರಷ್ಟು ಟಿಡಿಆರ್, ಅಂದರೆ ಬೇರೆ ಕಡೆ ಬಳಸಲು ಅಥವಾ ಮಾರಲು ಬರುವ ಕಟ್ಟಡದ ಹಕ್ಕು, ಕೊಡುವುದೆಂದು 2015ರಲ್ಲಿ ಸರ್ಕಾರ ನಿರ್ಧರಿಸಿತು. ಅಷ್ಟಕ್ಕೆ ಯಾರು ಜಾಗ ಬಿಟ್ಟುಕೊಡುತ್ತಾರೆ ಅನ್ನುವುದು ಬೇರೆ ಮಾತು. ಇನ್ನೊಂದು "ಹಿಲ್‌ಟಾಪ್-ಹಿಲ್‌ಸ್ಲೋಪ್", ಅಂದರೆ ಗುಡ್ಡದ ನೆತ್ತಿ ಮತ್ತು ಇಳಿಜಾರಿನ ವಲಯ. ಇಲ್ಲಿ ನೆನಪಿಡಬೇಕಾದ ಅಂಕಿ 1:5. ಅಡ್ಡಕ್ಕೆ ಐದು ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಏರುವ ಜಾಗದಲ್ಲಿ ಕಟ್ಟಲು ಬಿಡುವುದಿಲ್ಲ.

ಇದನ್ನು ಅಳೆಯಲು ಇಂಜಿನಿಯರ್ ಬೇಕಿಲ್ಲ. ನಮಗೆ ಕಲಿಸಿದ್ದು ಪಕ್ಕದ ಸೈಟಿನಲ್ಲಿ ಕೆಲಸ ಮಾಡುವ ಇಂಡಿ ಕಡೆಯ ಒಬ್ಬ ಮೇಸ್ತ್ರಿ. ಹತ್ತು ಅಡಿ ದಾರ ತೆಗೆದ. ಒಂದು ತುದಿ ಮೇಲಿನ ನೆಲಕ್ಕೆ ಒತ್ತಿದ. ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ದಾರವನ್ನು ಸಮ ಮಾಡಿ, ಕೆಳಗಿನ ತುದಿಯಿಂದ ನೆಲಕ್ಕೆ ಟೇಪ್ ಬಿಟ್ಟ. "ಅಕ್ಕಾರ, ಎರಡು ಫೂಟ್ ದಾಟೇತಿ ನೋಡ್ರಿ. ಇಲ್ಲಿ ಕಟ್ಟಾಕ ಬರಂಗಿಲ್ಲ." ಹತ್ತು ಅಡಿಗೆ ಎರಡು ಅಡಿ ಅಂದರೆ 1:5. ಅಷ್ಟೇ ಲೆಕ್ಕ.

ನಿಮ್ಮ ಅಳತೆ ಕಚೇರಿಯಲ್ಲಿ ಪುರಾವೆ ಆಗುವುದಿಲ್ಲ, ನಿಜ. ಆದರೆ "ಮಂಜೂರಾತಿಗೆ ಕೊಟ್ಟ ಕಾಂಟೂರ್ ನಕ್ಷೆ (ನೆಲದ ಏರಿಳಿತ ತೋರಿಸುವ ನಕ್ಷೆ) ತೋರಿಸಿ" ಎಂದು ಗಟ್ಟಿಯಾಗಿ ಕೇಳಲು ಧೈರ್ಯ ಬರುತ್ತದೆ. ಇನ್ನೊಂದು ವಿಷಯ ಗಮನಿಸಿ. ಮೊದಲೇ ಜೆಸಿಬಿ ತಂದು ಗುಡ್ಡ ಕಡಿದು ಮೆಟ್ಟಿಲು ಮಾಡಿಬಿಟ್ಟರೆ, ಆಮೇಲೆ ಅಳೆದವರಿಗೆ ಚಡಾವು, ಅಂದರೆ ಏರು, ಕಾಣುವುದೇ ಇಲ್ಲ. ಹಾಗಾಗಿ ಜೆಸಿಬಿ ಕಂಡ ದಿನವೇ ದಿನಾಂಕ ಬೀಳುವ ಹಾಗೆ ಫೋಟೋ ತೆಗೆಯಿರಿ. ಹಳೆಯ ಉಪಗ್ರಹ ಚಿತ್ರಗಳು ಗೂಗಲ್ ಅರ್ತ್‌ನಲ್ಲಿ ವರ್ಷವಾರು ಸಿಗುತ್ತವೆ, ಅವನ್ನೂ ತೆಗೆದಿಡಿ. ಮುರುಮು ತೆಗೆದು ಸಾಗಿಸಲು ಕಂದಾಯ ಇಲಾಖೆಯ ಅನುಮತಿ ಬೇಕು, ರಾಯಲ್ಟಿ ಕಟ್ಟಬೇಕು. ತಹಶೀಲ್ದಾರ ಕಚೇರಿಯಲ್ಲಿ ಕೇಳಿದರೆ ಅದು ಇದೆಯೋ ಇಲ್ಲವೋ ತಿಳಿಯುತ್ತದೆ.

4. ಓಣಿ ಯಾರದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ.

"ನಮ್ಮ ಓಣಿ" ಎಂದು ನಾವು ಅನ್ನುತ್ತೇವೆ. ಕಾಗದದಲ್ಲಿ ಅದು ನಾಲ್ಕರಲ್ಲಿ ಒಂದಾಗಿರುತ್ತದೆ. ಡಿಪಿ ರಸ್ತೆ ಇರಬಹುದು, ಅಂದರೆ ಪಾಲಿಕೆಯ ಅಭಿವೃದ್ಧಿ ಯೋಜನೆಯಲ್ಲಿ ಗೆರೆ ಎಳೆದದ್ದು. ಹಾಗಿದ್ದರೆ ಅದು ಎಲ್ಲರದ್ದು, ಮೇಲಿನವರದ್ದೂ. "ನಮ್ಮ ಓಣಿಯಲ್ಲಿ ಬರಬೇಡಿ" ಎನ್ನಲು ಬರುವುದಿಲ್ಲ. ಅಗಲ ಸಾಲದು, ಚಡಾವು ಜಾಸ್ತಿ ಎಂದು ಮಾತ್ರ ವಾದಿಸಬಹುದು.

ಎರಡನೆಯದು ಮಂಜೂರಾದ ಲೇಔಟಿನ ಒಳರಸ್ತೆ. ಸೊಸೈಟಿ ಕಟ್ಟುವಾಗ ಬಿಲ್ಡರ್ ತೋರಿಸಿದ್ದು. ಇದರಲ್ಲಿ ನಕ್ಷೆಯ ಷರತ್ತು ಓದಬೇಕು. ಪಕ್ಕದ ಜಾಗದವರಿಗೆ ಈ ರಸ್ತೆಯಿಂದ ದಾರಿ ಕೊಡಬೇಕು ಎಂದು ಬರೆದಿರುವುದುಂಟು. ನಾವು 14 ವರ್ಷ ಖಾಸಗಿ ರಸ್ತೆ ಎಂದುಕೊಂಡು ಗೇಟ್ ಹಾಕಿಸಿ, ವಾಚ್‌ಮನ್ ಇಟ್ಟು, ಸಂಬಳ ಕೊಟ್ಟಿದ್ದೆವು. ನಕ್ಷೆ ತೆಗೆಸಿ ನೋಡಿದಾಗ ಅಂಥದೇ ಒಂದು ಸಾಲು ಸಿಕ್ಕಿತು. ಸಣ್ಣ ಅಕ್ಷರ, ಮೂಲೆಯಲ್ಲಿ. ಮೀಟಿಂಗಿನಲ್ಲಿ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.

ಮೂರನೆಯದು ಹಳೆಯ ದಾರಿ. ಗಾವ್ ನಕಾಶಾ, ಅಂದರೆ ಹಳ್ಳಿಯ ನಕ್ಷೆಯಲ್ಲಿ ಜೋಡಿ ಚುಕ್ಕಿಗೆರೆ ಇದ್ದರೆ ಗಾಡಿದಾರಿ, ಒಂಟಿ ಇದ್ದರೆ ಕಾಲುದಾರಿ. ಎರಡು ಊರಿನ ಗಡಿಯ ಮೇಲೆ ಹೋಗುವುದು ಶಿವ ರಸ್ತೆ. ಹೊಲಗಳ ನಡುವಿನದು ಪಾಣಂದ. ಇಂಥ ದಾರಿಯಲ್ಲಿ ಮೇಲಿನ ರೈತ ತಲೆಮಾರಿನಿಂದ ಓಡಾಡಿದ್ದರೆ ಅವನ ಹಕ್ಕು ಅವನಿಗಿದೆ. 1882ರ ಸುಖಾಧಿಕಾರ (ಈಸ್‌ಮೆಂಟ್, ಬೇರೆಯವರ ಜಾಗ ಬಳಸುವ ಹಕ್ಕು) ಕಾಯ್ದೆಯ ಪ್ರಕಾರ 20 ವರ್ಷ ಅಡೆತಡೆ ಇಲ್ಲದೆ ಹಕ್ಕಿನಿಂದ ಬಳಸಿದ ದಾರಿ ಗಟ್ಟಿಯಾಗುತ್ತದೆ. ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 143ನೇ ಕಲಂನಲ್ಲಿ ಹೊಲಕ್ಕೆ ಬದುವಿನ ಮೇಲೆ ದಾರಿ ಕೊಡಿಸುವ ಅಧಿಕಾರ ತಹಶೀಲ್ದಾರರಿಗಿದೆ. ಆದರೆ ಎತ್ತಿನ ಗಾಡಿಯ ಹಕ್ಕು ತಾನಾಗಿಯೇ ಇನ್ನೂರು ಕಾರಿನ ಹಕ್ಕಾಗುವುದಿಲ್ಲ. ಒಂದು ಬಗೆಯ ದಾರಿಹಕ್ಕಿನಲ್ಲಿ ಇನ್ನೊಂದು ಬಗೆ ಸೇರುವುದಿಲ್ಲ ಎಂದು ಅದೇ 1882ರ ಕಾಯ್ದೆಯ 28ನೇ ಕಲಂ ಹೇಳುತ್ತದೆ. ಜಮೀನು ಕೊಂಡ ಬಿಲ್ಡರ್ "ರೈತನ ದಾರಿ ನಮಗೂ ಬಂತು" ಅಂದರೆ ಈ ಕಲಂ ತೋರಿಸಿ, ಆಮೇಲೆ ವಕೀಲರ ಹತ್ತಿರ ಹೋಗಿ.

ನಾಲ್ಕನೆಯದು ಯಾರೋ ಒಬ್ಬರ ಸಾತಬಾರಾದಲ್ಲಿ ಇನ್ನೂ ಕೂತಿರುವ ಪಟ್ಟಿ. ಗುಂಠೆ ಲೆಕ್ಕದಲ್ಲಿ ಪ್ಲಾಟ್ ಮಾರಿದ ಕಡೆ ಇದು ಬಹಳ. ಒಂದು ಗುಂಠೆ ಅಂದರೆ 1,089 ಚದರ ಅಡಿ. ಮಾರುವವರು ಕೈಯಲ್ಲಿ ಬರೆದ ನಕ್ಷೆ ತೋರಿಸಿ "15 ಫೂಟ್ ರಸ್ತೆ ಬಿಟ್ಟಿದೆ" ಅನ್ನುತ್ತಾರೆ. ರಸ್ತೆಯ ಜಾಗ ಮಾತ್ರ ಮೊದಲಿನ ಒಡೆಯನ ಹೆಸರಿನಲ್ಲೇ ಉಳಿದಿರುತ್ತದೆ. ನಾಳೆ ಅವನ ಮಗ ಅದನ್ನೇ ಮೇಲಿನ ಬಿಲ್ಡರ್‌ಗೆ ಬರೆದುಕೊಟ್ಟರೆ? ಕೊಟ್ಟ ಉದಾಹರಣೆ ನಮ್ಮ ಹಿಂದಿನ ಓಣಿಯಲ್ಲೇ ಇದೆ.

ಒಂದು ಮಾತು ಮೊದಲೇ ತಿಳಿದಿರಲಿ. ಸುತ್ತ ಬೇರೆಯವರ ಜಾಗ ಇದ್ದು ದಾರಿಯೇ ಇಲ್ಲದ ಪ್ಲಾಟಿಗೆ ಪಕ್ಕದ ಜಾಗದ ಮೂಲಕ ದಾರಿ ಕೊಡಿಸಲು ಯೋಜನಾ ಪ್ರಾಧಿಕಾರಕ್ಕೆ ನಿಯಮದಲ್ಲಿ ಅವಕಾಶವಿದೆ. ಖರ್ಚು ದಾರಿ ಬೇಕಾದವರದು. ಹಾಗಾಗಿ "ದಾರಿ ಕೊಡುವುದೇ ಇಲ್ಲ" ಎನ್ನುವ ಹಟ ಹೆಚ್ಚು ದಿನ ನಿಲ್ಲುವುದಿಲ್ಲ. ಮೇಲಿನ ಜಾಗಕ್ಕೆ ಬೇರೆ ದಿಕ್ಕಿನಿಂದ ದಾರಿ ಇದೆಯೇ ನೋಡಿ. ನಮ್ಮ ಗುಡ್ಡಕ್ಕೆ ಇತ್ತು. ಉದ್ದ ಜಾಸ್ತಿ, ಆದರೆ ಚಡಾವು ಕಡಿಮೆ. ಬಿಲ್ಡರ್‌ಗೆ ಖರ್ಚು ಜಾಸ್ತಿ, ಅದೇ ತೊಡಕು.

5. ಟೇಪ್ ಹಿಡಿದು ಹೊರಡಿ

ಒಂದು ಭಾನುವಾರ ಬೆಳಿಗ್ಗೆ, ನಾಲ್ಕು ಜನ. ಟೇಪ್, ಸೀಮೆಸುಣ್ಣ, ನೋಟ್‌ಬುಕ್, ಮೇಸ್ತ್ರಿಯ ಹತ್ತು ಅಡಿ ದಾರ. ಚಹಾ ಮೊದಲೇ ಕುಡಿದುಬಿಡಿ, ನಡುವೆ ಬಿಟ್ಟು ಹೋದವರು ವಾಪಸ್ ಬರುವುದಿಲ್ಲ.

ಅಗಲವನ್ನು ಪ್ರತಿ 20 ಹೆಜ್ಜೆಗೆ ಅಳೆಯಿರಿ. ನಮಗೆ ಬೇಕಾದದ್ದು ಅತಿ ಇಕ್ಕಟ್ಟಾದ ಜಾಗ, ಸರಾಸರಿ ಅಲ್ಲ. ನಮ್ಮ ಓಣಿ ನಕ್ಷೆಯಲ್ಲಿ 9 ಮೀಟರ್. ಟ್ರಾನ್ಸ್‌ಫಾರ್ಮರ್ ಹತ್ತಿರ ಟೇಪ್‌ನಲ್ಲಿ ಬಂದದ್ದು 6.8. ರಾತ್ರಿ ಬೈಕ್ ನಿಂತ ಮೇಲೆ ಉಳಿಯುವುದು 5 ಮೀಟರ್ ಚಿಲ್ಲರೆ. ಬಹುಮಹಡಿ ಕಟ್ಟಡದ ಎದುರಿನ ರಸ್ತೆ ಕನಿಷ್ಠ 12 ಮೀಟರ್ ಇರಬೇಕು, ಅಗ್ನಿಶಾಮಕ ವಾಹನ ತಿರುಗಲು 9 ಮೀಟರ್ ತಿರುವು ಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 45 ಟನ್ ಭಾರದ ವಾಹನ ಓಡಾಡುವ ಗಟ್ಟಿ ನೆಲವನ್ನೂ ಅದು ಕೇಳುತ್ತದೆ. ನಮ್ಮ ಓಣಿಯ ಕೆಳಗೆ ಹಳೆಯ ಡ್ರೈನೇಜ್ ಚೇಂಬರ್‌ಗಳಿವೆ, ನೀರಿನ ಟ್ಯಾಂಕರ್ ಹೋದರೇ ಒಂದೆರಡು ಕುಸಿದಿವೆ.

ಚಡಾವು ಅಳೆಯುವುದು ಅದೇ ದಾರದಿಂದ. ಬೆಟ್ಟದ ರಸ್ತೆಗಳಿಗೆ ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ಸಾಮಾನ್ಯ ಮಿತಿ ಸುಮಾರು 1:20, ಅಂದರೆ ಹತ್ತು ಅಡಿಗೆ ಆರು ಇಂಚು. ತೀರಾ ಕಡಿದಾದ ಬೆಟ್ಟದಲ್ಲಿ, ಬೇರೆ ದಾರಿಯೇ ಇಲ್ಲದ ಕಡೆ, ಶೇ 8ರವರೆಗೆ ಬಿಡುತ್ತಾರೆ. ಅದು ಹತ್ತು ಅಡಿಗೆ ಹೆಚ್ಚುಕಡಿಮೆ ಒಂಬತ್ತೂವರೆ ಇಂಚು. ನಮ್ಮ ಓಣಿಯ ಮೇಲಿನ ತಿರುವಿನಲ್ಲಿ ಬಂದದ್ದು 14 ಇಂಚು. ಅಲ್ಲಿ ಸ್ಕೂಟರ್‌ನಲ್ಲಿ ಹಿಂದೆ ಕೂತವರು ಇಳಿದು ನಡೆಯುತ್ತಾರೆ.

ಚಡಾವನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಹೆದ್ದಾರಿ ಗೊತ್ತಲ್ಲ, ನಾವೆಲ್ಲ ಊರಿಗೆ ಹೋಗಿ ಬರುವ ಬೆಂಗಳೂರು ರಸ್ತೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಭಾರಿ ವಾಹನ ಇಳಿಜಾರಿನಲ್ಲಿ ಹಿಡಿತ ತಪ್ಪಿ ಹತ್ತಾರು ವಾಹನ ಜಖಂ ಆದವು. ಅಗಲವಾದ ಹೆದ್ದಾರಿಯ ಕಥೆ ಅದು. ಆರು ಮೀಟರ್ ಓಣಿಯಲ್ಲಿ ಕಾಂಕ್ರೀಟ್ ಮಿಕ್ಸರ್ ಲಾರಿ ಇಳಿಯುವುದನ್ನು ಯೋಚಿಸಿ. ಓಣಿಯ ಕೆಳತುದಿಯಲ್ಲಿ ನಮ್ಮ ಮಕ್ಕಳ ಬಸ್ ನಿಲ್ಲುತ್ತದೆ.

ವಾಹನ ಎಣಿಸುವುದಿದ್ದರೆ ಸೋಮವಾರದಿಂದ ಶುಕ್ರವಾರದೊಳಗೆ ಎರಡು ದಿನ, ಬೆಳಿಗ್ಗೆ 8ರಿಂದ 10. ಮೇಲಿನ ಸ್ಕೀಮಿನಿಂದ ಎಷ್ಟು ಬರುತ್ತವೆ ಎಂದು ಊಹಿಸಲು ಹೋಗಬೇಡಿ. ಅವರದೇ ನಕ್ಷೆಯಲ್ಲಿ ಪಾರ್ಕಿಂಗ್ ಕೋಷ್ಟಕ ಇರುತ್ತದೆ: ಇಷ್ಟು ಕಾರು, ಇಷ್ಟು ಬೈಕ್. ಅದನ್ನೇ ಎತ್ತಿ ಬರೆಯಿರಿ. ಅವರ ಅಂಕಿಯನ್ನು ಅವರೇ ಅಲ್ಲಗಳೆಯಲು ಆಗುವುದಿಲ್ಲ.

6. ನೀರು ಎಲ್ಲಿ ಹೋಗುತ್ತದೆ

ಹೊಸ ದಾರಿ ಕಡಿದರೆ ಮಳೆನೀರಿಗೂ ಅದೇ ದಾರಿ. 2013ರ ಜೂನ್‌ನಲ್ಲಿ ಕಾತ್ರಜ್ ಹೊಸ ಸುರಂಗದ ಬಳಿ ಒಮ್ಮೆಲೇ ನುಗ್ಗಿದ ನೀರಿನಲ್ಲಿ ಒಬ್ಬ ತಾಯಿ, ಅವರ ಮಗು ಕೊಚ್ಚಿಹೋದರು. ಮೇಲೆ ಗುಡ್ಡ ಕಡಿದು ಹಳ್ಳದ ಹರಿವು ಕೆಡಿಸಿದ್ದೇ ಕಾರಣ ಎಂಬ ಮಾತು ಆಗ ಎದ್ದಿತು. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿದ್ದು ದಕ್ಷಿಣ ಪುಣೆಯವರು ಮರೆತಿಲ್ಲ. ಇಲ್ಲಿ ಹಳ್ಳವನ್ನು ಓಢಾ ಅಥವಾ ನಾಲಾ ಅನ್ನುತ್ತಾರೆ.

ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಓಣಿಯಲ್ಲಿ ನಿಂತು ವಿಡಿಯೋ ಮಾಡಿ. ಗಾವ್ ನಕಾಶಾದಲ್ಲಿ ಹಳ್ಳದ ಗೆರೆ ಎಲ್ಲಿದೆ, ಸ್ಕೀಮಿನ ನಕ್ಷೆಯಲ್ಲಿ ಅದು ಉಳಿದಿದೆಯೇ ಹೋಲಿಸಿ. ನಮ್ಮದರಲ್ಲಿ ಹಳ್ಳ ಒಂದು ಪೈಪ್ ಆಗಿತ್ತು, ಪೈಪಿನ ಬಾಯಿ ನಮ್ಮ ಓಣಿಯ ಕಡೆಗೆ.

7. ಕಾಗದ ತರಿಸುವುದು

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದಲ್ಲಿ ಒಂದು ನಿಯಮ ಇದೆ, ಕರ್ನಾಟಕದಲ್ಲೂ ಹೀಗೇ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಮ್ಮ ಮೊದಲ ಅರ್ಜಿ ಎರಡು ಪುಟದ್ದು, ಪೂರಾ ಕಥೆ ಬರೆದಿದ್ದೆವು. ತಿರುಗಿ ಬಂತು. ಆಮೇಲೆ ಒಂದನ್ನು ನಾಲ್ಕು ಮಾಡಿದೆವು: ಮೇಲಿನ ಗಟ್ಟಿನ ಮಂಜೂರಾದ ಲೇಔಟ್ ಮತ್ತು ಕಾಂಟೂರ್ ನಕ್ಷೆ, ನಮ್ಮ ಸೊಸೈಟಿಯ ಲೇಔಟ್ ಷರತ್ತುಗಳು, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಡಿಪಿಯಲ್ಲಿ ಈ ಓಣಿಯ ಅಗಲ ತೋರಿಸುವ ಭಾಗ. "ಏಕೆ ಕೊಟ್ಟಿರಿ" ಎಂದು ಕೇಳಬೇಡಿ. "ಪ್ರತಿ ಕೊಡಿ" ಎಂದು ಮಾತ್ರ ಕೇಳಿ.

ಸ್ಕೀಮಿನ ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿ ಬೇಕು. ಆ ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಇರುತ್ತದೆ. ಅದರಲ್ಲಿ ದಾರಿ, ವಾಹನ ಸಂಚಾರ, ಮಳೆನೀರಿನ ಬಗ್ಗೆ ಬಿಲ್ಡರ್ ತಾನೇ ಬರೆದುಕೊಟ್ಟದ್ದನ್ನು ಓದಿ. ನಮ್ಮ ಓಣಿಯನ್ನು ಅಲ್ಲಿ "ಅಸ್ತಿತ್ವದಲ್ಲಿರುವ 12 ಮೀಟರ್ ರಸ್ತೆ" ಎಂದು ಬರೆದಿದ್ದರು. ಅದನ್ನು ಓದಿದ ದಿನ ನಕ್ಕಿದ್ದೇ ನಕ್ಕಿದ್ದು. ಟೇಪ್ ಹಿಡಿದ ಭಾನುವಾರ ಸಾರ್ಥಕ ಆಯಿತು.

8. ಆಕ್ಷೇಪ ಯಾವಾಗ, ಹೇಗೆ

ಒಂದು ಕಟ್ಟಡದ ಪರವಾನಗಿಗೆ "ಆಕ್ಷೇಪ ಇದ್ದರೆ ತಿಳಿಸಿ" ಎಂದು ಜಾಹೀರಾತು ಬರುವುದಿಲ್ಲ. ಜನರ ಮಾತು ಕೇಳುವ ಬಾಗಿಲು ತೆರೆಯುವುದು ಬೇರೆ ಹೊತ್ತಿನಲ್ಲಿ: ಪಾಲಿಕೆಯ ಗಡಿ ಬದಲಿಸುವ ಕರಡು ಅಧಿಸೂಚನೆ ಬಂದಾಗ, ಡಿಪಿಯ ಕರಡು ಪ್ರಕಟವಾದಾಗ, ಡಿಪಿಯಲ್ಲಿ ಬದಲಾವಣೆ ಮಾಡುವಾಗ, ರಸ್ತೆ ಅಗಲದ ಗೆರೆ ನಿಗದಿ ಮಾಡುವಾಗ. ಗಡುವು ಸಾಮಾನ್ಯವಾಗಿ ಒಂದು ತಿಂಗಳು. ಪ್ರಕಟಣೆ ಬರುವುದು ಮರಾಠಿ ಪತ್ರಿಕೆಯ ಒಳಪುಟದಲ್ಲಿ. ಹಾಗಾಗಿ ಸೊಸೈಟಿಯಲ್ಲಿ ಒಬ್ಬರಿಗೆ ಆ ಪುಟ ನೋಡುವ ಕೆಲಸ ವಹಿಸಿ. ನಮ್ಮಲ್ಲಿ ನಿವೃತ್ತ ಮಾಸ್ತರರೊಬ್ಬರು ಹಿಡಿದಿದ್ದಾರೆ. ಬೆಳಗಾವಿಯವರು, ಎರಡೂ ಭಾಷೆ ನೀರು ಕುಡಿದಷ್ಟು ಸುಲಭ.

ರಸ್ತೆ ಗೆರೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರಲ್ಲಿ ಪಾಲಿಕೆ 6 ಮೀಟರ್‌ನ 323 ರಸ್ತೆಗಳನ್ನು 9 ಮೀಟರ್‌ಗೆ ಅಗಲ ಮಾಡುವ ಪ್ರಸ್ತಾಪ ಎತ್ತಿತ್ತು. ರಸ್ತೆ 9 ಮೀಟರ್ ಆದರೆ ಅದರ ಮೇಲಿನ ಕಟ್ಟಡಗಳಿಗೆ ಟಿಡಿಆರ್ ಬಳಸಲು ಬರುತ್ತದೆ, ಮಹಡಿ ಏರುತ್ತದೆ. ಅಗಲಕ್ಕೆ ಬೇಕಾದ ಜಾಗ ಬರುವುದು ಎರಡೂ ಬದಿಯ ಮನೆಗಳ ಅಂಗಳದಿಂದ.

ಬಾಗಿಲು ತೆರೆಯುವ ತನಕ ಕಾಯಬೇಕಿಲ್ಲ. ಮೇಲೆ ಸ್ಕೀಮ್ ಬರುವ ಸುದ್ದಿ ಸಿಕ್ಕ ಕೂಡಲೇ ಕಟ್ಟಡ ಪರವಾನಗಿ ವಿಭಾಗಕ್ಕೆ, ರಸ್ತೆ ವಿಭಾಗಕ್ಕೆ, ಅಗ್ನಿಶಾಮಕ ದಳಕ್ಕೆ ಒಂದೊಂದು ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಂಜೂರಾತಿಗೆ ಮೊದಲು ಫೈಲಿನಲ್ಲಿ ಕೂತ ಪತ್ರಕ್ಕೆ ಒಂದು ತೂಕ, ಆಮೇಲೆ ಕೊಟ್ಟದ್ದಕ್ಕೆ ಇನ್ನೊಂದು.

ಪತ್ರ ಮರಾಠಿಯಲ್ಲಿರಲಿ. ಒಂದೂವರೆ ಪುಟ ಸಾಕು. "ನಮ್ಮ ಶಾಂತಿ ಹಾಳಾಗುತ್ತದೆ", "ಹೊರಗಿನವರು ಬರುತ್ತಾರೆ" ಅನ್ನುವ ಸಾಲು ತೆಗೆದುಹಾಕಿ. ಪುಣೆಯಲ್ಲಿ ನಾವೂ ಹೊರಗಿನವರೇ ಅಲ್ವಾ! ಗಟ್ ನಂಬರ್, ಓಣಿಯ ಅಗಲ ನಕ್ಷೆಯಲ್ಲಿ ಎಷ್ಟು, ಟೇಪ್‌ನಲ್ಲಿ ಎಷ್ಟು, ಚಡಾವು ಎಷ್ಟು, ಅವರ ಪಾರ್ಕಿಂಗ್ ಕೋಷ್ಟಕದ ಅಂಕಿ, ಹಳ್ಳದ ಗೆರೆ. ಫೋಟೋ ಆರಕ್ಕಿಂತ ಜಾಸ್ತಿ ಬೇಡ. ಕೊನೆಗೆ ಏನು ಬೇಕು ಅನ್ನುವುದನ್ನು ಬಿಡಿಸಿ ಕೇಳಿ. ನಾವು ಕೇಳಿದ್ದು ನಾಲ್ಕು: ಮುಖ್ಯ ದಾರಿ ಇನ್ನೊಂದು ದಿಕ್ಕಿನಿಂದ ಆಗಲಿ, ಆ ದಾರಿ ಪೂರ್ತಿ ಆಗುವ ತನಕ ಭೋಗವಟಾ ಪತ್ರ, ಅಂದರೆ ವಾಸಕ್ಕೆ ಅನುಮತಿ, ಕೊಡಬಾರದು, ಕಟ್ಟುವ ಕಾಲದಲ್ಲಿ ಡಂಪರ್, ಮಿಕ್ಸರ್ ಶಾಲೆಯ ಹೊತ್ತಿನಲ್ಲಿ ಓಣಿಗೆ ಬರಬಾರದು, ಹಳ್ಳವನ್ನು ತೆರೆದೇ ಬಿಡಬೇಕು. ನಮ್ಮ ಓಣಿಯನ್ನು ತುರ್ತು ದಾರಿಯಾಗಿ, ಆಂಬುಲೆನ್ಸ್ ಮತ್ತು ನಡೆದು ಹೋಗುವವರಿಗೆ ತೆರೆದಿಡಲು ನಾವು ಒಪ್ಪಿಕೊಂಡೆವು. ಇದಕ್ಕೆ ಸೊಸೈಟಿಯಲ್ಲೇ ಜಗಳ ಆಯಿತು. ಆದರೆ ಮೇಲೆ ಶೆಡ್ಡಿನಲ್ಲಿ ಇರುವ ಕೆಲಸಗಾರರಲ್ಲಿ ಅರ್ಧ ಜನ ನಮ್ಮೂರ ಕಡೆಯವರು. ಅವರ ಮಗುವಿಗೆ ಜ್ವರ ಬಂದರೆ ಗೇಟ್ ಹಾಕಿಕೊಂಡು ಕೂರುವುದೇ?

9. ವಿಚಾರಣೆಯ ದಿನ

ಕರೆದರೆ ಮೂರೇ ಜನ ಹೋಗಿ. ಸಿಗುವುದು ಐದು ನಿಮಿಷ, ಕೆಲವೊಮ್ಮೆ ಮೂರು. ಒಬ್ಬರು ಮಾತಾಡಿ, ಒಬ್ಬರು ನಕ್ಷೆ ತೋರಿಸಿ, ಒಬ್ಬರು ಎಲ್ಲ ಬರೆದುಕೊಳ್ಳಿ. ಮುಗಿದ ಸಂಜೆಯೇ "ಇಂದು ನಾವು ಹೇಳಿದ್ದು ಹೀಗೆ" ಎಂದು ಪತ್ರ ಕಳಿಸಿ. ಕಾರ್ಪೊರೇಟರ್ ಜೊತೆಗಿದ್ದರೆ ಒಳ್ಳೆಯದು. 2022ರ ಮಾರ್ಚ್‌ನಿಂದ ವರ್ಷಗಟ್ಟಲೆ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಆ ಕಾಲದಲ್ಲಿ ಓಡಾಡಿದ ನಮಗೆ ಫೈಲಿನಲ್ಲಿ ಕಾಗದ ಇರುವುದೇ ಆಸರೆ ಆಗಿತ್ತು.

10. ಅಷ್ಟಾದರೂ ಮಂಜೂರಾದರೆ

ದಿನಾಂಕ ನೋಡಿ, ಗಡುವು ಎಣಿಸಿ. ಪರಿಸರ ಅನುಮತಿಯ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಕ್ಕ ಕಾರಣ ಇದ್ದರೆ ಮತ್ತೆ 60 ದಿನದವರೆಗೆ ಬಿಡುತ್ತಾರೆ, ಅದರಾಚೆ ಇಲ್ಲ. ಅದರ ಪಶ್ಚಿಮ ವಲಯದ ಪೀಠ ಪುಣೆಯಲ್ಲೇ ಇದೆ, ಅದೊಂದು ಅನುಕೂಲ. ರಸ್ತೆಯ ಒಡೆತನ, ದಾರಿಹಕ್ಕಿನ ತಂಟೆ ಸಿವಿಲ್ ಕೋರ್ಟಿನದು. ಪರವಾನಗಿಯೇ ನಿಯಮ ಮೀರಿದ್ದರೆ ಹೈಕೋರ್ಟ್. ಕೋರ್ಟಿನ ಖರ್ಚನ್ನು ಸೊಸೈಟಿಯ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಯೇ ತೆಗೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಕಮಿಟಿಯ ಮೇಲೇ ಕೇಸು.

ನಮಗೆ ಸಿಕ್ಕಿದ್ದು ನಾಲ್ಕರಲ್ಲಿ ಎರಡೂವರೆ. ಇನ್ನೊಂದು ದಿಕ್ಕಿನ ದಾರಿ ಷರತ್ತಿನಲ್ಲಿ ಬಂತು, ಡಂಪರ್ ಹೊತ್ತು ನಿಗದಿಯಾಯಿತು. ಹಳ್ಳ ಅರ್ಧ ತೆರೆದಿದೆ, ಅರ್ಧ ಪೈಪ್. ಭೋಗವಟಾ ಪತ್ರದ ಷರತ್ತು ಬರೆದಿಲ್ಲ. ಅದಕ್ಕೆ ಎರಡನೇ ಪತ್ರ ಕೊಟ್ಟಿದ್ದೇವೆ.

ಮೇಲೆ ಮನೆ ಕೊಳ್ಳುವವರಿದ್ದರೆ

ನಮ್ಮ ಗೆಳೆಯರಲ್ಲೇ ಮೂವರು ಆ ಗುಡ್ಡದ ಸ್ಕೀಮಿನಲ್ಲಿ ಫ್ಲ್ಯಾಟ್ ನೋಡಿ ಬಂದರು. ಗಾಳಿ ಚೆನ್ನಾಗಿದೆ, ರೇಟ್ ಕಡಿಮೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಗ್ರಾಮ ಪಂಚಾಯಿತಿಯ ಎನ್‌ಒಸಿ ತೋರಿಸಿದರೆ ಅದನ್ನು ಕಟ್ಟಡ ಪರವಾನಗಿ ಎಂದು ನಂಬಬೇಡಿ. ಬ್ರೋಷರಿನಲ್ಲಿ "ಪ್ರಸ್ತಾವಿತ 12 ಮೀಟರ್ ಡಿಪಿ ರಸ್ತೆ" ಎಂದಿದ್ದರೆ ಅದಕ್ಕೆ ಬೇಕಾದ ಜಾಗ ಪಾಲಿಕೆಯ ಕೈಗೆ ಬಂದಿದೆಯೇ ಕೇಳಿ. ನಕ್ಷೆಯಲ್ಲಿ ಗೆರೆ ಎಳೆದು ವರ್ಷಗಟ್ಟಲೆ ಜಾಗ ಸಿಗದ ರಸ್ತೆಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಮಾರಾಟ ಕರಾರಿನಲ್ಲಿ ದಾರಿ ಯಾವ ಗಟ್ಟುಗಳ ಮೂಲಕ ಬರುತ್ತದೆ ಎಂದು ನಂಬರ್ ಸಮೇತ ಬರೆಸಿ, ಆ ಗಟ್ಟುಗಳ ಸಾತಬಾರಾ ನೀವೇ ತೆಗೆಯಿರಿ.

ಸೈಟ್ ನೋಡಲು ಅವರ ಕಾರಿನಲ್ಲಿ ಹೋಗಬೇಡಿ. ಜುಲೈ ತಿಂಗಳ ಮಳೆಯಲ್ಲಿ, ಸಂಜೆ ಏಳು ಗಂಟೆಗೆ, ಕೆಳಗಿನ ಬಸ್ ಸ್ಟಾಪಿನಿಂದ ನಡೆದು ಹತ್ತಿ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರನ್ನೂ ಕರೆದುಕೊಂಡು ಹೋಗಿ.